ನಾಯಿಗೂ ಕೂಲಿ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಮೂವತ್ತು ವರ್ಷ ಪಶುವೈದ್ಯನಾಗಿ ಊರೂರು ಸುತ್ತಿದವನು ನಾನು. ಹಸು, ಎಮ್ಮೆ, ಕುರಿ ನೋಡಿದ್ದೇ ಹೆಚ್ಚು. ಆದರೆ ನಿವೃತ್ತನಾದ ಮೇಲೆ ಮದುವೆ ಮನೆಯಲ್ಲಿ ಸಿಕ್ಕರೂ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ ಜನ ಕೇಳುವುದು ಒಂದೇ ಪ್ರಶ್ನೆ. "ಡಾಕ್ಟ್ರೇ, ನಮ್ಮ ನಾಯಿ ಮಾತೇ ಕೇಳಲ್ಲ. ಎಷ್ಟು ಹೊಡೆದರೂ ಬುದ್ಧಿ ಬರಲ್ಲ. ಏನು ಮಾಡೋದು?"

ಎಷ್ಟು ಹೊಡೆದರೂ ಬರಲಿಲ್ಲ ಅಂದಮೇಲೆ ಇನ್ನೂ ಯಾಕೆ ಹೊಡೀತಾ ಇದ್ದೀರಿ ಸ್ವಾಮಿ?

ಈವತ್ತು ನಾನು ಒಂದೇ ಮಾತು ಹೇಳಲು ಬಂದಿದ್ದೇನೆ. ನಾಯಿ ಸರಿಯಾದ ಕೆಲಸ ಮಾಡಿದರೆ ಕೂಲಿ ಕೊಡಿ. ಆ ಕ್ಷಣಕ್ಕೇ ಕೊಡಿ. ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ.

ಕೂಲಿ ಅಂದರೆ ತಿನ್ನುವ ವಸ್ತು. ಕಡಲೆಕಾಳಿನಷ್ಟು ಸಾಕು. ಬೇಯಿಸಿದ ಕೋಳಿ, ಮೊಟ್ಟೆ, ಮೀನು, ಯಾವುದಾದರೂ ಸರಿ. ಸಸ್ಯಾಹಾರಿ ಮನೆಯಾದರೆ ಪನೀರ್ ಚೂರು, ಬೇಯಿಸಿದ ಗೆಣಸು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮಾತ್ರ ಬೇಡವೇ ಬೇಡ. ಅವು ನಾಯಿಗೆ ವಿಷ.

"ಇದು ಲಂಚ ಕೊಟ್ಟ ಹಾಗಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. ಬಿಸ್ಕತ್ತು ಕೈಯಲ್ಲಿ ಹಿಡಿದು, ಆಡಿಸಿ ತೋರಿಸಿ, "ಬಾ ಬಾ ಬಾ" ಅಂತ ಗೋಗರೆದರೆ ಅದು ಲಂಚ. ನಾಯಿ ಮೊದಲು ಕೈ ನೋಡುತ್ತದೆ. ಬಿಸ್ಕತ್ತು ಇದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲಸ ಮುಗಿದ ಮೇಲೆ ಜೇಬಿನಿಂದ ಹೊರಗೆ ಬಂದರೆ ಅದು ಕೂಲಿ. ತೋಟದ ಕೆಲಸಕ್ಕೆ ಬಂದವರಿಗೆ ಸಂಜೆ ಕೊಡುತ್ತೀರಲ್ಲ, ಹಾಗೆ.

ಒಂದೇ ವ್ಯತ್ಯಾಸ. ನಾಯಿ ಸಂಜೆವರೆಗೆ ಕಾಯುವುದಿಲ್ಲ. ಒಂದೆರಡು ಸೆಕೆಂಡಿನೊಳಗೆ ಬೀಳಬೇಕು. ನೀವು "ಕೂತ್ಕೋ" ಅಂದಿರಿ. ಅದು ಕೂತಿತು. ನೀವು ಒಳಗೆ ಹೋಗಿ, ಫ್ರಿಜ್ಜು ತೆಗೆದು, ಡಬ್ಬಿಯ ಮುಚ್ಚಳ ಬಿಚ್ಚಿ ತರುವಷ್ಟರಲ್ಲಿ ಅದು ಎದ್ದು ನಿಂತು ಬಾಲ ಆಡಿಸುತ್ತಿದೆ. ಆಗ ಕೊಟ್ಟಿರಿ. ಯಾವುದಕ್ಕೆ ಕೂಲಿ ಕೊಟ್ಟ ಹಾಗಾಯಿತು? ಎದ್ದು ನಿಂತಿದ್ದಕ್ಕೆ! ಆಮೇಲೆ "ನಮ್ಮ ನಾಯಿ ಕೂರೋದೇ ಇಲ್ಲ" ಅಂತ ನನ್ನ ಹತ್ತಿರ ಬರುತ್ತೀರಿ.

ಹೊಡೆತದ ಕಥೆಯೂ ಇಷ್ಟೇ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ಕೆಂಚ ಎಂಬ ನಾಯಿಯಿಂದ.

1989ರ ಮಾತು. ಕುಮಟಾ ಕಡೆ ನನ್ನ ಮೊದಲ ಪೋಸ್ಟಿಂಗು. ಬಾಡಿಗೆ ಮನೆಯ ಅಂಗಳಕ್ಕೆ ಒಂದು ಕೆಂಚು ಬಣ್ಣದ ಊರನಾಯಿ ಮರಿ ಬಂದು ಸೇರಿಕೊಂಡಿತು. ನಾನಾದರೋ ಹೊಸ ಡಾಕ್ಟರು, ಎಲ್ಲ ಗೊತ್ತು ಎಂಬ ಜಂಬ. ಒಂದು ದಿನ ಕೆಂಚ ನನ್ನ ಹೊಸ ಚಪ್ಪಲಿಯ ಉಂಗುಟ ಕಚ್ಚಿ ಹಾಕಿದ. ಕಚ್ಚಿದ್ದು ಬೆಳಗ್ಗೆ ಹತ್ತಕ್ಕೋ ಹನ್ನೊಂದಕ್ಕೋ. ನಾನು ಮನೆಗೆ ಬಂದದ್ದು ಸಂಜೆ ಐದಕ್ಕೆ. ಚಪ್ಪಲಿ ಅವನ ಮೂಗಿಗೆ ಹಿಡಿದು ನಾಲ್ಕು ಬಿಟ್ಟೆ. ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿ, ನೆಲಕ್ಕೆ ಅಂಟಿಕೊಂಡ. "ನೋಡು, ತಪ್ಪು ಅಂತ ಅವನಿಗೇ ಗೊತ್ತು" ಅಂತ ಹೆಂಡತಿಗೆ ಹೇಳಿದೆ.

ಗೊತ್ತಿದ್ದದ್ದು ಏನು ಅಂತ ಮರುದಿನ ತಿಳಿಯಿತು. ನನ್ನ ರಾಜದೂತ್ ಬೈಕು ತಿರುವಿನಲ್ಲಿ ಸದ್ದು ಮಾಡಿದ್ದೇ ತಡ, ಕೆಂಚ ಉಚ್ಚೆ ಹೊಯ್ದುಕೊಂಡು ಕಟ್ಟಿಗೆ ರಾಶಿಯ ಹಿಂದೆ ಅಡಗಿದ. ಆ ದಿನ ಅವನು ಏನನ್ನೂ ಕಚ್ಚಿರಲಿಲ್ಲ. ಸಂಜೆ ಬೈಕು ಬರುತ್ತದೆ, ಹೊಡೆತ ಬೀಳುತ್ತದೆ. ಅವನು ಕಲಿತ ಪಾಠ ಅಷ್ಟೇ. ಚಪ್ಪಲಿ ಆ ಪಾಠದಲ್ಲಿ ಇರಲೇ ಇಲ್ಲ.

ನನಗೆ ಆಗಲೂ ಬುದ್ಧಿ ಬರಲಿಲ್ಲ. ಕೆಂಚ ದೊಡ್ಡವನಾದ. ಗೇಟು ತೆರೆದರೆ ಸಾಕು, ರಸ್ತೆಗೆ ಓಟ. ನಾನು "ಕೆಂಚಾ, ಬಾರೋ" ಅಂತ ಕೂಗುವುದು. ಮೊದಮೊದಲು ಓಡಿ ಬರುತ್ತಿದ್ದ. ಬಂದ ತಕ್ಷಣ ಕುತ್ತಿಗೆ ಹಿಡಿದು, "ಓಡಿ ಹೋಗ್ತೀಯಾ?" ಅಂತ ಎರಡು ಏಟು. ಅವನು ಕೊನೆಗೆ ಮಾಡಿದ ಕೆಲಸ ಏನು? ನನ್ನ ಹತ್ತಿರ ಬಂದದ್ದು. ನಾನು ಹೊಡೆದದ್ದು ಅದಕ್ಕೇ. ಒಂದು ತಿಂಗಳಿಗೆ "ಬಾರೋ" ಅಂದರೆ ಅವನು ನಿಂತಲ್ಲೇ ನಿಂತು ನನ್ನ ಕೈ ನೋಡಲು ಶುರು ಮಾಡಿದ.

ಒಂದು ಬೆಳಗ್ಗೆ ಹಾಗೆಯೇ ರಸ್ತೆ ಮಧ್ಯದಲ್ಲಿ ನಿಂತ. ಆ ಕಡೆಯಿಂದ ಬಸ್ಸು. ಈ ಕಡೆ ಗಂಟಲು ಹರಿದುಕೊಂಡು ಕೂಗುತ್ತಿರುವ ನಾನು. ಅವನು ಒಮ್ಮೆ ಬಸ್ಸು ನೋಡಿದ, ಒಮ್ಮೆ ನನ್ನನ್ನು ನೋಡಿದ. ಎರಡರಲ್ಲಿ ಯಾವುದು ಕಡಿಮೆ ಅಪಾಯ ಅಂತ ಲೆಕ್ಕ ಹಾಕುತ್ತಿದ್ದ. ಸುಳ್ಳಲ್ಲ, ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಡ್ರೈವರ್ ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹಾಕಿ ಬೈದ. ನಾಯಿಗಲ್ಲ, ನನಗೆ.

ರಸ್ತೆ ಬದಿಯಲ್ಲಿ ಮೀನು ಮಾರುವ ಅಮ್ಮ ಒಬ್ಬರು ಬುಟ್ಟಿ ಇಳಿಸಿಕೊಂಡು ಕೂತಿದ್ದರು. "ಏ ಕೆಂಚು" ಅಂದರು, ಮೆಲ್ಲಗೆ. ಒಂದೇ ಸಲ. ಕೆಂಚ ಬಾಣದ ಹಾಗೆ ಅವರ ಹತ್ತಿರ ಹೋದ. ಅವರು ಬಂಗಡೆಯ ತಲೆಯೊಂದನ್ನು ಬಾಯಿಗೆ ಹಾಕಿದರು. ನಾನು ಹಲ್ಲು ಕಚ್ಚಿಕೊಂಡು, "ನಾನು ಕರೆದರೆ ಬರೋದಿಲ್ಲ ನೋಡಿ" ಅಂದೆ. ಅವರು ನಕ್ಕುಬಿಟ್ಟರು. "ಹೊಡ್ತ ತಿನ್ನೂಕೆ ಯಾರು ಬತ್ರು ಡಾಕ್ಟ್ರೇ?" ಅಂದರು. ಅದೇ ಉಸಿರಿನಲ್ಲಿ, ಮೀನು ಬೇಕಾ ಅಂತಲೂ ಕೇಳಿದರು. ಐದು ರೂಪಾಯಿ ಬಂಗಡೆ ಹಿಡಿದು ಮನೆಗೆ ನಡೆದೆ. ಕೆಂಚ ಹಿಂದೆಯೇ ಬಂದ. ನನ್ನ ಹಿಂದೆ ಅಲ್ಲ ಬಿಡಿ, ಮೀನಿನ ಹಿಂದೆ.

"ಬಾರೋ" ಎಂಬ ಮಾತನ್ನು ನಾನು ಕೆಡಿಸಿಬಿಟ್ಟಿದ್ದೆ. ಹಾಗಾಗಿ ಹೊಸ ಕರೆ ಹುಡುಕಿದೆ. ಒಂದು ಸ್ಟೀಲ್ ಡಬ್ಬಿಗೆ ಒಣ ಸಿಗಡಿ ಹಾಕಿ ಗಲಗಲ ಅನ್ನಿಸುವುದು. ಮೊದಲು ಮನೆಯೊಳಗೆ, ಎರಡೇ ಹೆಜ್ಜೆ ದೂರದಿಂದ. ಸದ್ದು ಮಾಡುವುದು, ಬಂದನಾ, ಒಂದು ಸಿಗಡಿ ಬಾಯಿಗೆ. ಆಮೇಲೆ ಅಂಗಳದಲ್ಲಿ. ಆಮೇಲೆ ಉದ್ದ ಹಗ್ಗ ಕಟ್ಟಿ ಗದ್ದೆ ಬದುವಿನಲ್ಲಿ. ಇನ್ನೊಂದು ವಿಷಯ, ಬಂದವನನ್ನು ಹಿಡಿದು ಕಟ್ಟಿಹಾಕುತ್ತಿರಲಿಲ್ಲ. ಸಿಗಡಿ ಕೊಟ್ಟು, ಮತ್ತೆ ಆಡಲು ಬಿಡುತ್ತಿದ್ದೆ. ಮೂರು ತಿಂಗಳು ಹಿಡಿಯಿತು. ಕೆಡಿಸಲು ಒಂದು ತಿಂಗಳು, ಸರಿಮಾಡಲು ಮೂರು.

ಅಯ್ಯೋ, ಕೆಂಚನ ಕಥೆಯೇ ಅರ್ಧ ಸಮಯ ತಿಂದುಹಾಕಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ತಪ್ಪಿತಸ್ಥ ಮುಖ ಅಂತೀವಲ್ಲ, ಅದು. 2009ರಲ್ಲಿ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಎಂದ ತಿಂಡಿಯನ್ನು ನಾಯಿ ತಿಂದಿತೋ ಇಲ್ಲವೋ, ಆ ಮುಖಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಯಜಮಾನ ಬೈದರೆ ಆ ಮುಖ ಬರುತ್ತಿತ್ತು. ಏನೂ ತಿನ್ನದ ನಾಯಿಗೂ ಬರುತ್ತಿತ್ತು. ಅದು ಪಶ್ಚಾತ್ತಾಪ ಅಲ್ಲ, ಹೆದರಿಕೆ.

"ಯಜಮಾನ ಯಾರು ಅಂತ ತೋರಿಸಬೇಕು, ತೋಳದ ಗುಂಪಿನಲ್ಲಿ ಹಾಗೇ" ಅನ್ನುವವರು ಇನ್ನೂ ಇದ್ದಾರೆ. ಆ ಮಾತು ಹುಟ್ಟಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೀಚ್ 1999ರಲ್ಲಿ ಬರೆದರು, ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು ಅಂತ. ಒಂದು ಸಂಸಾರ. ಅಲ್ಲಿಗೆ ಆ ವಾದ ಮುಗಿಯಿತು. ನಮ್ಮವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಗುರ್ ಅಂದಿದ್ದಕ್ಕೆ ಹೊಡೆಯುತ್ತೀರಲ್ಲ, ದಯವಿಟ್ಟು ಬೇಡ. ಗುರ್ ಅನ್ನುವುದು "ಹತ್ತಿರ ಬರಬೇಡ, ನನಗೆ ಭಯ" ಅಂತ ಹೇಳುವ ರೀತಿ. ಹೊಡೆದು ಆ ಸದ್ದು ನಿಲ್ಲಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಸದ್ದಿಲ್ಲದೆ ಕಚ್ಚುತ್ತದೆ. "ಏನೂ ಇಲ್ಲದೆ ಸುಮ್ನೆ ಕಚ್ಚಿತು" ಅಂತ ಬಂದವರಲ್ಲಿ ಎಷ್ಟೋ ಜನ ಹೀಗೆ ಸದ್ದು ಬಿಡಿಸಿದವರೇ.

ಹಾಗಾದರೆ ತಪ್ಪು ಮಾಡಿದಾಗ ಬಾಯಿ ಮುಚ್ಚಿಕೊಂಡು ಕೂರಬೇಕಾ? ಬೇಡ. "ಏಯ್" ಅನ್ನಿ, ತಡೆಯಿರಿ. ಅಷ್ಟು ಸಾಕು. ಬೇಡ ಅಂದ ಮೇಲೆ ಏನು ಬೇಕು ಅಂತಲೂ ತೋರಿಸಿ, ಅದನ್ನು ಮಾಡಿದರೆ ಕೂಲಿ ಕೊಡಿ. ಮೈಮೇಲೆ ಹಾರುತ್ತದಾ? ಬೆನ್ನು ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ತಿರುಗಿ, ಕೊಡಿ. ಚಪ್ಪಲಿ ಕಚ್ಚುತ್ತದಾ? ಚಪ್ಪಲಿ ಮೇಲೆ ಇಡಿ ಸ್ವಾಮಿ, ಸ್ಟ್ಯಾಂಡು ಇರುವುದು ಯಾಕೆ? ಮರಿ ಮನೆಯೊಳಗೆ ಉಚ್ಚೆ ಮಾಡಿದರೆ ಅದರ ಮೂಗನ್ನು ಅದಕ್ಕೆ ಒರೆಸಬೇಡಿ. ಎದ್ದ ತಕ್ಷಣ, ಉಂಡ ತಕ್ಷಣ ಹೊರಗೆ ಕರೆದುಕೊಂಡು ಹೋಗಿ. ಅಲ್ಲಿ ಮಾಡಿದ ಕೂಡಲೇ, ಅಲ್ಲೇ ನಿಂತು, ಕೂಲಿ ಕೊಡಿ.

ಕರೆಂಟು ಹೊಡೆಯುವ ಕಾಲರ್ ಕೇಳಬೇಡಿ. ಬ್ರಿಟನ್ನಿನ ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿದೆ. ನಮ್ಮಲ್ಲೂ ಪ್ರಾಣಿಯನ್ನು ನೋಯುವಂತೆ ಹೊಡೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ.

ಬಾಗಲಕೋಟೆ ಕಡೆಯ ಕೇಳುಗರಿಗೆ ಒಂದು ಮಾತು. ನಿಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯಲ್ಲಿ ಬಂತು, 2016ರಲ್ಲಿ ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೂ ಹೋಯಿತು. ಓಟದಲ್ಲಿ ಗಾಳಿ, ಮನಸ್ಸು ಮಾತ್ರ ಬಲು ನಾಜೂಕು. ಜೋರು ದನಿಗೇ ಮುದುಡಿಕೊಳ್ಳುತ್ತದೆ. ಮೊಲ ಕಂಡು ಓಡಿದ ಮೇಲೆ ಕೂಗಿ ಪ್ರಯೋಜನವಿಲ್ಲ. ಉದ್ದ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿ.

ಈಗ ಮನೆಪಾಠ. ಈ ರಾತ್ರಿ ಊಟಕ್ಕೆ ಮುಂಚೆ ಹತ್ತು ಚೂರು ಜೇಬಿಗೆ ಹಾಕಿಕೊಳ್ಳಿ. ನಾಯಿಯ ಹೆಸರು ಒಂದೇ ಸಲ ಕರೆಯಿರಿ. ತಿರುಗಿ ನೋಡಿತಾ, ಒಂದು ಚೂರು ಕೊಡಿ. ಹೀಗೆ ಹತ್ತು ಸಲ. ಹನ್ನೊಂದನೆಯ ಸಲ ಅದು ನಿಮ್ಮ ಮುಖ ಬಿಟ್ಟು ಕದಲದಿದ್ದರೆ ಜೇಬು ಖಾಲಿ ಅಂತ ಬೈಯಬೇಡಿ. ಅಡುಗೆಮನೆಗೆ ಹೋಗಿ ಇನ್ನೊಂದು ಚೂರು ತನ್ನಿ.

ನಮಸ್ಕಾರ.