ಕರೆಂಟ್ ಮುಗಿದ ಮೇಲಿನ ಎರಡು ವಾರ

ನಮಸ್ಕಾರ.

ನಾನು ನರ್ಸ್. ಬೆಂಗಳೂರಿನ ಆಸ್ಪತ್ರೆಯೊಂದರ ರೇಡಿಯೋಥೆರಪಿ, ಅಂದರೆ ಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ ಕೊಡುವ ವಿಭಾಗದಲ್ಲಿ 20 ವರ್ಷಕ್ಕೂ ಮೇಲೆ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಇವತ್ತಿನ ಮಾತು ಕಿರಣ ಬಿದ್ದ ಚರ್ಮದ ಆರೈಕೆ ಬಗ್ಗೆ. ಅದನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಕೀಮೋ ಆಯಿತು, ಕೊನೆಗೆ ರೇಡಿಯೋಥೆರಪಿ. ಸೋಮವಾರದಿಂದ ಶುಕ್ರವಾರ, 3 ವಾರ, ಒಟ್ಟು 15 ಸಿಟ್ಟಿಂಗ್. ಸ್ನಾನ ಹೀಗೆ ಮಾಡು, ಬಟ್ಟೆ ಇಂಥದ್ದು ಹಾಕು, ಅದನ್ನು ಹಚ್ಚಬೇಡ ಅಂತ ದಿನಾ ಫೋನ್ ಮಾಡಿ ಅವಳ ತಲೆ ತಿಂದಿದ್ದೆ. ಕೊನೆಯ ದಿನ ನೋಡಿದರೆ ಚರ್ಮ ಸ್ವಲ್ಪ ಕಪ್ಪಾಗಿತ್ತು, ಅಷ್ಟೇ. ಅಕ್ಕ ಖುಷಿಯಲ್ಲಿ ಮೈಸೂರು ಪಾಕ್ ಹಂಚಿದಳು. ನಾನೂ ಎರಡು ತಿಂದು ಮನೆಗೆ ಬಂದೆ. ಮುಂದಿನ ಗುರುವಾರ ರಾತ್ರಿ 11 ಗಂಟೆಗೆ ಅವಳ ಫೋನ್. "ಎಲ್ಲಾ ಮುಗೀತು ಅಂದ್ಯಲ್ಲೇ? ಕಂಕುಳಲ್ಲಿ ಸಿಪ್ಪೆ ಎದ್ದು ನೀರು ಒಸರ್ತಿದೆ. ಏನೋ ಕೆಟ್ಟಿದೆ ಕಣೇ."

ಏನೂ ಕೆಟ್ಟಿರಲಿಲ್ಲ. ರೇಡಿಯೋಥೆರಪಿ ನಿಂತ ಮೇಲೂ ಒಂದೆರಡು ವಾರ ಚರ್ಮ ಇನ್ನಷ್ಟು ಹದಗೆಡುತ್ತದೆ. ಆಮೇಲೆ ತಿರುಗಿಕೊಳ್ಳುತ್ತದೆ. ವಾರ್ಡಿನಲ್ಲಿ ಎಷ್ಟೋ ಜನಕ್ಕೆ ಹೇಳಿದ್ದ ಮಾತು ಅದು. ಸ್ವಂತ ಅಕ್ಕನಿಗೆ ಹೇಳಲು ಮರೆತಿದ್ದೆ.

ನಮ್ಮ ಕಡೆ ಈ ಚಿಕಿತ್ಸೆಗೆ ಜನ 'ಕರೆಂಟ್ ಕೊಡೋದು' ಅಂತಾರೆ. ಹೆಸರು ಕೇಳಿಯೇ ಅರ್ಧ ಜನಕ್ಕೆ ಭಯ. ಅಲ್ಲಿ ಕರೆಂಟೂ ಇಲ್ಲ, ಶಾಕೂ ಇಲ್ಲ. ಎಕ್ಸ್-ರೇ ತೆಗೆಸುವಾಗ ಏನೂ ಗೊತ್ತಾಗುವುದಿಲ್ಲ ಅಲ್ವಾ, ಹಾಗೆಯೇ ಮೇಜಿನ ಮೇಲೆ ಕೆಲವು ನಿಮಿಷ ಅಲುಗಾಡದೆ ಮಲಗಿದರೆ ಆಯಿತು. ಹೊರಗಿನ ಮೆಷಿನ್ನಿನಿಂದ ಕಿರಣ ಕೊಟ್ಟರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ.

ಹಾಗಾದರೆ ಚರ್ಮಕ್ಕೆ ಏನಾಗುತ್ತದೆ? ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಕಾವೇರಿ ನೀರು ನಿಂತ ದಿನವೇ ನಮಗೆ ಗೊತ್ತಾಗುವುದಿಲ್ಲ. ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ನೀರಿರುತ್ತದೆ. ಎರಡು ಮೂರು ದಿನ ಬಿಟ್ಟು ನಲ್ಲಿ ಸಣ್ಣಗಾಗುತ್ತದೆ. ಆಮೇಲೆ ನೀರು ಬಿಟ್ಟರೂ ಅಷ್ಟೇ. ಸಂಪು ತುಂಬಿ, ಮೋಟರ್ ಹಾಕಿ, ಟ್ಯಾಂಕಿಗೆ ಏರಿ, ನಲ್ಲಿಗೆ ಬರುವಷ್ಟರಲ್ಲಿ ಹೊತ್ತಾಗುತ್ತದೆ. ನಮ್ಮ ಚರ್ಮದ ತಳದ ಪದರ ಹೊಸ ಕೋಶಗಳನ್ನು ಮಾಡಿ ಮೇಲಕ್ಕೆ ಕಳಿಸುತ್ತಲೇ ಇರುತ್ತದೆ. ಅವು ಮೇಲೆ ಬಂದು ಉದುರಿಹೋಗಲು ಸುಮಾರು ಒಂದು ತಿಂಗಳು. ಕಿರಣ ಹೊಡೆಯುವುದು ಆ ತಳದ ಪದರಕ್ಕೆ. ಮೇಲಿನ ಸಂಗ್ರಹ ಇರುವಷ್ಟು ದಿನ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಎರಡು ಮೂರನೇ ವಾರಕ್ಕೆ ಬಿಸಿ, ಬಿಗಿತ, ತುರಿಕೆ. ಆಮೇಲೆ ಒಣ ಸಿಪ್ಪೆ. ಬೆವರು ನಿಲ್ಲುವ ಮಡಿಕೆಗಳಲ್ಲಿ, ಅಂದರೆ ಕಂಕುಳು, ಸ್ತನದ ಕೆಳಗೆ, ತೊಡೆಸಂದಿಯಲ್ಲಿ, ಕೆಲವರಿಗೆ ಚರ್ಮ ಒಡೆದು ನೀರಾಡುತ್ತದೆ. ಚಿಕಿತ್ಸೆ ನಿಂತ ಮೇಲೆ ತಳದ ಪದರ ಚೇತರಿಸಿಕೊಂಡು ಮೇಲಿನವರೆಗೆ ತುಂಬಿಕೊಂಡು ಬರಬೇಕು. ಬಹಳ ಜನಕ್ಕೆ ಸುಮಾರು 4 ವಾರದಲ್ಲಿ ಸರಿಹೋಗುತ್ತದೆ, ಒಡೆದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ದಿನ.

ಈ ತಡವಾಗಿ ಕಾಣುವ ಗುಣ ಮೊದಲಿನಿಂದಲೂ ಗೊತ್ತಿದ್ದದ್ದೇ. 1901ರಲ್ಲಿ ಹೆನ್ರಿ ಬೆಕೆರೆಲ್ ಎಂಬ ವಿಜ್ಞಾನಿ ರೇಡಿಯಂ ಇದ್ದ ಪುಟ್ಟ ಕೊಳವೆಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದರು. ಆಗ ಏನೂ ಅನ್ನಿಸಲಿಲ್ಲ. ದಿನಗಳು ಕಳೆದ ಮೇಲೆ ಜೇಬಿದ್ದ ಜಾಗದಲ್ಲೇ ಮೈಮೇಲೆ ಸುಟ್ಟಂಥ ಗಾಯ ಕಾಣಿಸಿಕೊಂಡಿತು.

ಇಂಗ್ಲಿಷ್ ಪುಸ್ತಕಗಳಲ್ಲಿ ಚರ್ಮ ಕೆಂಪಾಗುತ್ತದೆ ಅಂತ ಬರೆದಿರುತ್ತಾರೆ. ನಮ್ಮ ಮೈಬಣ್ಣಕ್ಕೆ ಆ ಕೆಂಪು ಸರಿಯಾಗಿ ಕಾಣುವುದಿಲ್ಲ, ಕಪ್ಪು ಮಾತ್ರ ಕಾಣುತ್ತದೆ. ಅದಕ್ಕೆ ಕಣ್ಣನ್ನೇ ನಂಬಬೇಡಿ. ಬೆರಳ ಹಿಂಬದಿ ಇಟ್ಟು ನೋಡಿ. ಅಕ್ಕಪಕ್ಕಕ್ಕಿಂತ ಬಿಸಿ ಇದೆಯಾ, ಮುಟ್ಟಿದರೆ ಚುರುಗುಟ್ಟುತ್ತದೆಯಾ? ಹಿಂದಿನ ಬದಿಯನ್ನೂ ಬೇರೆಯವರ ಕೈಲಿ ನೋಡಿಸಿ. ಎದೆಯ ಮೇಲ್ಭಾಗಕ್ಕೆ ಕೊಟ್ಟ ಕಿರಣ ಬೆನ್ನಿನಿಂದ ಹೊರಗೆ ಹೋಗಿದ್ದರೆ ಅಲ್ಲಿಯೂ ಕಪ್ಪಾಗಬಹುದು.

ಇನ್ನು ಆರೈಕೆ. ಇಷ್ಟು ವರ್ಷ ನೋಡಿ ನನಗೆ ಅನ್ನಿಸಿದ್ದು, ಆರೈಕೆ ಕಡಿಮೆಯಾಗಿ ಕೆಟ್ಟ ಚರ್ಮಕ್ಕಿಂತ ಆರೈಕೆ ಜಾಸ್ತಿಯಾಗಿ ಕೆಟ್ಟ ಚರ್ಮವೇ ಹೆಚ್ಚು. ಅಮ್ಮ ಅರಿಶಿನ ಹಚ್ಚುತ್ತಾಳೆ. ಅತ್ತೆ ಗಂಧ ತೇಯ್ದು ಕೊಡುತ್ತಾರೆ. ಪಕ್ಕದ ಮನೆಯವರು ಲೋಳೆಸರ ಕೊಯ್ದು ತರುತ್ತಾರೆ. ಎಲ್ಲಾ ಪ್ರೀತಿಯಿಂದಲೇ. ಒಬ್ಬರು ಅಜ್ಜಿ ಕುತ್ತಿಗೆಗೆ ಬೆಣ್ಣೆಯನ್ನು ರೊಟ್ಟಿಗೆ ಹಚ್ಚಿದ ಹಾಗೆ ಮೆತ್ತಿಕೊಂಡು ಮೆಷಿನ್ ರೂಮಿನ ಬಾಗಿಲಿಗೇ ಬಂದಿದ್ದರು. ಟೆಕ್ನೀಷಿಯನ್ ನಗಬೇಕೋ ಬೈಯಬೇಕೋ ಗೊತ್ತಾಗದೆ ನನ್ನನ್ನು ಕೂಗಿದ.

ಬೆಣ್ಣೆ ಯಾಕೆ ಬೇಡ? ಈಗಿನ ಲಿನಿಯರ್ ಆಕ್ಸಿಲರೇಟರ್ ಮೆಷಿನ್ನಿನ ಕಿರಣಕ್ಕೆ ಒಂದು ಒಳ್ಳೆಯ ಗುಣ ಇದೆ. ಅದರ ಪೂರ್ತಿ ಬಲ ಚರ್ಮದ ಮೇಲೆಯೇ ಬೀಳುವುದಿಲ್ಲ. ಸಾಮಾನ್ಯವಾಗಿ ಬಳಸುವ 6 ಎಂವಿ (ಮೆಗಾವೋಲ್ಟ್, ಕಿರಣದ ಶಕ್ತಿಯ ಅಳತೆ) ಕಿರಣದ ಬಲ ಒಂದೂವರೆ ಸೆಂಟಿಮೀಟರ್ ಒಳಗೆ ಹೋದ ಮೇಲೆ ತುದಿ ಮುಟ್ಟುತ್ತದೆ. ಮೇಲೆ ದಪ್ಪಗೆ ಏನನ್ನಾದರೂ ಮೆತ್ತಿದರೆ ಕಿರಣ ಅದನ್ನೂ ಚರ್ಮ ಅಂತಲೇ ಲೆಕ್ಕ ಹಾಕುತ್ತದೆ. ಒಳಗೆ ಬೀಳಬೇಕಾದ ಬಲ ಮೇಲಕ್ಕೆ ಬರುತ್ತದೆ. ತೆಳುವಾಗಿ ಹಚ್ಚಿ ಇಂಗಿಹೋದ ಕ್ರೀಮಿನಿಂದ ಹಾಗಾಗುವುದಿಲ್ಲ. ಮೊದಲು ಚಿಕಿತ್ಸೆಗೆ ಇಷ್ಟು ಗಂಟೆ ಮುಂಚೆ ಏನೂ ಹಚ್ಚಲೇಬೇಡಿ ಅಂತ ನಾವು ಕಟ್ಟುನಿಟ್ಟು ಮಾಡುತ್ತಿದ್ದೆವು. ಈಗ ಅಷ್ಟು ಬಿಗಿ ಇಲ್ಲ. ಆದರೂ ನಿಮ್ಮ ಆಸ್ಪತ್ರೆಯವರು ಹೇಳಿದ್ದನ್ನೇ ಪಾಲಿಸಿ. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಸಾಕು, ದಿನಕ್ಕೆ ಎರಡು ಸಲ. ಕೆಲವರಿಗೆ ಡಾಕ್ಟರು ಮೊದಲಿನಿಂದಲೇ ಸ್ಟೀರಾಯ್ಡ್ ಇರುವ ಕ್ರೀಮ್ ಬರೆಯುತ್ತಾರೆ. ಅದರಿಂದ ತುರಿಕೆ, ಉರಿ ಕಡಿಮೆಯಾಗುತ್ತದೆ. ಅವರು ಬರೆದುಕೊಟ್ಟರೆ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರಬೇಡಿ.

ಅರಿಶಿನ, ಗಂಧ, ವಿಭೂತಿ, ಸುಣ್ಣ, ಟಾಲ್ಕಂ ಪೌಡರ್ ಯಾವುದೂ ಆ ಜಾಗಕ್ಕೆ ಬೇಡ. ಒಣಗಿ ಬಿಗಿಯುತ್ತವೆ, ಇಲ್ಲವೇ ಬೆವರಿನ ಜೊತೆ ಸೇರಿ ಮರಳಿನ ಹಾಗೆ ಉಜ್ಜುತ್ತವೆ. ಲೋಳೆಸರದ ಬಗ್ಗೆ ಬಹಳ ಜನ ಕೇಳುತ್ತಾರೆ. ಪರೀಕ್ಷೆಗಳಲ್ಲಿ ಅದರಿಂದ ಸ್ಪಷ್ಟ ಲಾಭ ಕಂಡಿಲ್ಲ, ಕುಂಡದಿಂದ ಕೊಯ್ದು ತಂದ ಲೋಳೆ ಕೆಲವರಿಗೆ ತುರಿಕೆಯನ್ನೂ ತರುತ್ತದೆ. ಬಿಸಿ ನೀರಿನ ಶಾಖ ಬೇಡ, ಐಸೂ ಬೇಡ.

ಸ್ನಾನ ಬಿಡಬೇಕಾಗಿಲ್ಲ. ದಿನಾ ಮಾಡಿ. ಉಗುರು ಬೆಚ್ಚಗಿನ ನೀರು, ಸಾದಾ ಸೋಪು, ಅದೂ ಕೈಯಲ್ಲಿ ನೊರೆ ಮಾಡಿ ಸವರುವಷ್ಟು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ನೀರು ಗಡುಸು, ಸೋಪು ಬೇಗ ಬಿಡುವುದಿಲ್ಲ. ಸೋಪು ಕಡಿಮೆ ಮಾಡಿ, ನೀರು ಜಾಸ್ತಿ ಸುರಿದುಕೊಳ್ಳಿ. ಎಣ್ಣೆ ಸ್ನಾನ, ಸೀಗೆಕಾಯಿ, ಕಡಲೆಹಿಟ್ಟು ಮುಂದಿನ ಹಬ್ಬಕ್ಕೆ ಇರಲಿ. ಟವೆಲ್ಲಿನಿಂದ ತಿಕ್ಕಬೇಡಿ. ಹಳೆಯ ಪಂಚೆಯ ತುಂಡು ಅಥವಾ ಮೆತ್ತಗಾದ ಕಾಟನ್ ಸೀರೆಯ ತುಂಡು ತಗೊಂಡು, ಮಗುವಿನ ಮೈ ಒರೆಸುವಾಗ ಮಾಡುತ್ತೇವಲ್ಲ, ಹಾಗೆ ಒತ್ತಿ ಒತ್ತಿ ನೀರು ತೆಗೆಯಿರಿ. ಕಿರಣ ಎಲ್ಲಿ ಬೀಳಬೇಕು ಅಂತ ಮೈಮೇಲೆ ಹಾಕಿದ ಗುರುತಿನ ಗೆರೆಗಳು ಅಳಿಸುತ್ತಾ ಬಂದರೆ ನೀವೇ ಪೆನ್ನಿನಿಂದ ತಿದ್ದಬೇಡಿ. ಒಬ್ಬ ಮೇಷ್ಟ್ರು ಸ್ಕೇಲ್ ಇಟ್ಟು ನೀಟಾಗಿ ತಿದ್ದಿಕೊಂಡು ಬಂದಿದ್ದರು! ಮತ್ತೆ ಅಳೆದು ಹಾಕಲು ಅರ್ಧ ಗಂಟೆ ಹಿಡಿಯಿತು.

ಕುತ್ತಿಗೆ, ಬಾಯಿ, ಗಂಟಲಿನ ಚಿಕಿತ್ಸೆ ಉದ್ದ. ಬಹಳ ಜನಕ್ಕೆ 30ರಿಂದ 35 ಸಿಟ್ಟಿಂಗ್, ಆರೇಳು ವಾರ. ಎಲೆಅಡಿಕೆ, ಗುಟ್ಕಾ, ಬೀಡಿಯಿಂದ ಬಂದವರೇ ಅಲ್ಲಿ ಜಾಸ್ತಿ. ಅವರಲ್ಲಿ ಗಂಡಸರಿಗೆ ಒಂದು ಮಾತು. ಬ್ಲೇಡು ಬೇಡ. ಗಡ್ಡ ಬಿಡಿ, ಇಲ್ಲದಿದ್ದರೆ ಎಲೆಕ್ಟ್ರಿಕ್ ಶೇವರ್. ಕಟಿಂಗ್ ಶಾಪಿನಲ್ಲಿ ಶೇವ್ ಮಾಡಿಸಿ ಸ್ಫಟಿಕ ಉಜ್ಜಿಸಿಕೊಂಡರೆ ಕಥೆ ಮುಗಿಯಿತು. ಸ್ಕೂಟರ್ ಓಡಿಸುವವರ ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಉಜ್ಜುತ್ತದೆ. ಹೆಲ್ಮೆಟ್ ಬಿಡಿ ಅಂತ ನಾನು ಹೇಳುವುದಿಲ್ಲ, ಆ ಕೆಲವು ವಾರ ಸ್ಕೂಟರನ್ನೇ ಬಿಡಿ. ಆಟೋ, ಮೆಟ್ರೋ ಇದೆ. ಕಾಲರ್ ಇರುವ ಶರ್ಟಿನ ಬದಲು ಕಾಲರ್ ಇಲ್ಲದ ಕಾಟನ್ ಜುಬ್ಬಾ ಒಳ್ಳೆಯದು. ಬೀಡಿ, ಸಿಗರೇಟು ಈಗಲೂ ಸೇದಿದರೆ ಗಾಯ ಬೇಗ ಒಣಗುವುದಿಲ್ಲ.

ಹೆಂಗಸರ ಕುತ್ತಿಗೆಯ ಸರದ ವಿಷಯ ಸೂಕ್ಷ್ಮ. ತಾಳಿ ತೆಗೆಯಿರಿ ಅಂದರೆ ಕಣ್ಣಲ್ಲಿ ನೀರು ಬರುತ್ತದೆ. ನಾನು ಒತ್ತಾಯ ಮಾಡುತ್ತಿರಲಿಲ್ಲ. ಪುಟ್ಟ ಬಟ್ಟೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಮೈಮೇಲೇ ಇದ್ದ ಹಾಗಾಯಿತಲ್ಲ ಅನ್ನುತ್ತಿದ್ದೆ. ಬಹಳ ಜನ ಒಪ್ಪುತ್ತಿದ್ದರು. ಸ್ತನಕ್ಕೆ ಚಿಕಿತ್ಸೆ ಆಗುವಾಗ ಬಿಗಿ ಬ್ರಾ, ತಂತಿ ಇರುವ ಬ್ರಾ ಬೇಡ. ನನ್ನ ಅಕ್ಕ ಚಿಕಿತ್ಸೆಯ 3 ವಾರ, ಆಮೇಲೆ ಗುಣವಾಗುವ ತನಕ, ಒಟ್ಟು ಆರು ವಾರ ಭಾವನ ಹಳೆಯ ಬನಿಯನ್ ಹಾಕಿಕೊಂಡು ಮೇಲೆ ಸಡಿಲ ನೈಟಿ ಹಾಕಿಕೊಂಡಿದ್ದಳು. ಭಾವನಿಗೆ ಬನಿಯನ್ ಸಾಲದೆ ಹೊಸದು ತಂದರು.

ಚರ್ಮ ಒಡೆದರೆ? ಮನೆಯಲ್ಲಿ ಮಾಡಬಾರದ್ದು ಎರಡು. ಹತ್ತಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಬ್ಯಾಂಡೇಜಿನ ಮೇಲೆ ಪ್ಲಾಸ್ಟರ್ ಟೇಪು ಹಚ್ಚಬೇಡಿ. ಅದನ್ನು ಕೀಳುವಾಗ ಚರ್ಮವೇ ಜೊತೆಗೆ ಬರುತ್ತದೆ. ಅಂಟದ ಡ್ರೆಸ್ಸಿಂಗ್ ಬಟ್ಟೆ ಸಿಗುತ್ತದೆ. ಅದನ್ನು ಇಟ್ಟು ಮೇಲೆ ಬನಿಯನ್ನೋ ಸಡಿಲ ಸುತ್ತುಬಟ್ಟೆಯೋ ಹಾಕಿ ಹಿಡಿಸಿದರೆ ಸಾಕು. ಒಣಗಿ ಅಂಟಿಕೊಂಡಿದ್ದರೆ ಸಲೈನ್ ಹನಿಸಿ ನೆನೆಸಿ, ಐದು ನಿಮಿಷ ಕಾದು ಬಿಡಿಸಿ. ಅಕ್ಕನಿಗೆ ಮಾರನೇ ದಿನ ಬೆಳಿಗ್ಗೆ ಹೋಗಿ ನಾನು ಮಾಡಿದ್ದು ಇಷ್ಟೇ. ಜೊತೆಗೆ ಮಧ್ಯಾಹ್ನ ಕೈಯನ್ನು ದಿಂಬಿನ ಮೇಲೆ ಚಾಚಿ ಮಲಗಿಸಿ ಕಂಕುಳಿಗೆ ಗಾಳಿ ಆಡಿಸಿದ್ದು. 12 ದಿನಕ್ಕೆ ಹೊಸ ಚರ್ಮ ಕೂಡಿಕೊಂಡಿತು, ಎಳೆ ಮಾವಿನ ಚಿಗುರಿನ ಬಣ್ಣ. ಆದರೆ ಕೀವು, ಕೆಟ್ಟ ವಾಸನೆ, ಜ್ವರ, ತಡೆಯಲಾಗದ ನೋವು ಇದ್ದರೆ ಮನೆಮದ್ದೂ ಬೇಡ, ನನ್ನಂಥ ನರ್ಸೂ ಬೇಡ. ನೇರ ಆಸ್ಪತ್ರೆಗೆ ಹೋಗಿ.

ಇಲ್ಲಿ ಊರಿಂದ ಬಂದವರ ಬಗ್ಗೆ ಹೇಳಲೇಬೇಕು. ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾಯಿತು. ಅಲ್ಲಿಗೂ, ನಗರದ ಬೇರೆ ಆಸ್ಪತ್ರೆಗಳಿಗೂ ರಾಜ್ಯದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಕೊನೆಯ ಸಿಟ್ಟಿಂಗ್ ಮುಗಿದ ರಾತ್ರಿಯೇ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುತ್ತಾರೆ. ಅಂದರೆ ಚರ್ಮ ತೀರಾ ಕೆಡುವ ವಾರ ಅವರು ಕಲಬುರಗಿಯಲ್ಲೋ ಸಿರಸಿಯಲ್ಲೋ ಇರುತ್ತಾರೆ. ಕೇಳಲು ಅಲ್ಲಿ ಯಾರೂ ಇಲ್ಲ. ನೋಡಲು ಬಂದ ನೆಂಟರು 'ಕರೆಂಟ್ ಜಾಸ್ತಿ ಕೊಟ್ಟುಬಿಟ್ಟಿದ್ದಾರೆ' ಅಂತ ಹೆದರಿಸಿ ಯಾವುದೋ ಸೊಪ್ಪು ಅರೆದು ಕಟ್ಟುತ್ತಾರೆ. ಹೊರಡುವ ಮುಂಚೆ ವಿಭಾಗದ ಫೋನ್ ನಂಬರ್ ಬರೆಸಿಕೊಳ್ಳಿ. ಎರಡು ಮೂರು ವಾರಕ್ಕಾಗುವಷ್ಟು ಡ್ರೆಸ್ಸಿಂಗ್, ಕ್ರೀಮ್ ಬರೆಸಿಕೊಳ್ಳಿ.

ಗುಣವಾದ ಮೇಲೆ ಬಿಸಿಲು. ಬೆಂಗಳೂರು ತಂಪು ಅಂತ ನಾವು ಬಿಸಿಲನ್ನು ಲೆಕ್ಕಕ್ಕೇ ಇಡುವುದಿಲ್ಲ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತಣ್ಣಗಿದ್ದರೂ ಬಿಸಿಲು ಚುರುಕು. ಕಿರಣ ಬಿದ್ದ ಜಾಗ ಜೀವನಪೂರ್ತಿ ಬಿಸಿಲಿಗೆ ಸೂಕ್ಷ್ಮ. ಮೊದಲ ವರ್ಷವಂತೂ ಸೆರಗು, ದುಪಟ್ಟಾ, ಛತ್ರಿ ಬಿಡಬೇಡಿ. ಬಟ್ಟೆ ಮುಚ್ಚದ ಜಾಗಕ್ಕೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಹಚ್ಚಿ. ಒಡೆದ ಚರ್ಮಕ್ಕಲ್ಲ, ಪೂರ್ತಿ ಕೂಡಿದ ಮೇಲೆ. ಕಪ್ಪು ತಿಂಗಳುಗಟ್ಟಲೆ ಉಳಿಯಬಹುದು, ಮೆಲ್ಲಗೆ ಮಾಸುತ್ತದೆ. ವರ್ಷ ಕಳೆದ ಮೇಲೆ ಕೆಲವರಿಗೆ ಜೇಡರ ಬಲೆಯಂಥ ಸಣ್ಣ ಕೆಂಪು ರಕ್ತನಾಳಗಳು ಕಾಣುತ್ತವೆ, ಚರ್ಮ ಸ್ವಲ್ಪ ಗಟ್ಟಿಯಾಗುತ್ತದೆ, ಕಂಕುಳಲ್ಲಿ ಕೂದಲು ಬರದೇ ಇರಬಹುದು. ಹೊಸ ಗಂಟು, ವಾಸಿಯಾಗದ ಹುಣ್ಣು ಕಂಡರೆ ಮಾತ್ರ ತಡ ಮಾಡದೆ ತೋರಿಸಿ. ಇನ್ನೊಂದು ವಿಚಿತ್ರ. ರೇಡಿಯೋಥೆರಪಿ ಮುಗಿದು ಎಷ್ಟೋ ದಿನಕ್ಕೆ ಕೀಮೋ ಕೊಟ್ಟಾಗ ಹಳೆಯ ಜಾಗವೇ ಮತ್ತೆ ಉರಿಯುವುದುಂಟು. ಚರ್ಮಕ್ಕೆ ನೆನಪಿರುತ್ತದೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಅಪರೂಪ, ಆದರೆ ಕಂಡರೆ ಡಾಕ್ಟರಿಗೆ ಹೇಳಿ.

ಅಕ್ಕನ ಎದೆಯ ನಡುವೆ ಈಗ ಒಂದು ನೀಲಿ ಚುಕ್ಕೆ ಉಳಿದಿದೆ. ಮೆಷಿನ್ ಸರಿಯಾಗಿ ಕೂರಿಸಲು ಹಾಕಿದ ಹಚ್ಚೆ, ಸಾಸಿವೆ ಕಾಳಿನಷ್ಟೂ ಇಲ್ಲ. ಮೊನ್ನೆ ಮೊಮ್ಮಗಳು ಅದರ ಮೇಲೆ ಬೆರಳಿಟ್ಟು "ಇದೇನಜ್ಜಿ?" ಅಂದಳು. "ಮಚ್ಚೆ ಕಣೇ, ನಿಮ್ಮ ಚಿಕ್ಕಜ್ಜಿ ಆಸ್ಪತ್ರೆಯವರು ಇಟ್ಟಿದ್ದು" ಅಂದಳು ಅಕ್ಕ, ನನ್ನ ಕಡೆ ನೋಡಿ. ಆ ಗುರುವಾರ ರಾತ್ರಿಯ ಫೋನನ್ನು ಅವಳು ಇನ್ನೂ ಮರೆತಿಲ್ಲ.

ನಮಸ್ಕಾರ.