ದಾಬೋಲಿಂ ರನ್‌ವೇ ಯಾರದು?

ಕೇಳುಗರಿಗೆಲ್ಲಾ ನಮಸ್ಕಾರ್ರಿ. ವಾಸ್ಕೋ, ಬೈನಾ, ಝುವಾರಿನಗರ, ಚಿಕಾಲಿಂ ಕಡೆ ಇರೋ ನಮ್ಮ ಕನ್ನಡ ಮಂದಿಗೇ ಹೇಳಾಕತ್ತೀನಿ, ಯಾಕಂದ್ರ ದಿನಾ ನಿಮ್ಮ ತಲಿ ಮ್ಯಾಲೇ ವಿಮಾನ ಹೋಗ್ತಾವು. ಗೋವಾದ ದಾಬೋಲಿಂ ಏರ್‌ಪೋರ್ಟಿನ್ಯಾಗ ನಾ ಭಾಳ ವರ್ಷ ಕೆಲಸ ಮಾಡೀನಿ, ಸಿಕ್ಕೋರೆಲ್ಲಾ ಕೇಳೋದು ಒಂದ ಮಾತು, ವಾರದ ದಿನ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 1ರ ತನಕ ಪ್ಯಾಸೆಂಜರ್ ಫ್ಲೈಟ್ ಬಂದ್ ಯಾಕ ಇಡ್ತಿದ್ರು ಅಂತ. ಉತ್ತರ ಸರಳ ಐತ್ರಿ. ರನ್‌ವೇ ನೇವಿದು. ವಿಮಾನಕ್ಕ ಏರು, ಇಳಿ ಅಂತ ಹೇಳೋ ಎಟಿಸಿ ಸುದ್ದಾ ನೇವಿಯವರದು. ನಾವು ಟಿಕೆಟ್ ತಗೊಂಡು ಕೂಡ್ರೋ ಟರ್ಮಿನಲ್ ಅದರ ಮಗ್ಗಲದಾಗ ಐತಿ, ಅಷ್ಟ. ಅವರು ಬಿಟ್ಟ ಹೊತ್ತಿನ್ಯಾಗ ನಾವು ಹಾರಬೇಕು.

ಇದನ್ನ ಕಟ್ಟಿದವರು ಪೋರ್ಚುಗೀಸ್ರು, 1950ರ ದಶಕದಾಗ. ಆಗ ಗೋವಾ ಅವರ ಕೈಯಾಗಿತ್ತು, ಭಾರತ ದಿಗ್ಬಂಧನ ಹಾಕಿತ್ತು, ಕ್ಯಾಸಲ್‌ರಾಕ್ ಮ್ಯಾಲಿಂದ ಬರೋ ರೈಲೂ ನಿಂತಿತ್ತು, ಹಿಂಗಾಗಿ ಅವರಿಗೆ ವಿಮಾನ ಬೇಕಾತು. ಟಿಎಐಪಿ ಅಂತ ತಮ್ಮದ ಏರ್‌ಲೈನ್ ಮಾಡಿ ಇಲ್ಲಿಂದ ಕರಾಚಿಗೆ ಹಾರಿಸ್ತಿದ್ರು.

ಈಗ 1961ರ ಕಥಿ ಕೇಳ್ರಿ, ಇದನ್ನ ನಾ ಎಲ್ಲಿ ಹೋದ್ರೂ ಹೇಳ್ತೀನಿ. ಡಿಸೆಂಬರ್ 18, ಬೆಳಿಗ್ಗೆ. ಗೋವಾ ಬಿಡಿಸಾಕ ಪುಣೆಯಿಂದ ಭಾರತದ 12 ಕ್ಯಾನ್ಬೆರಾ ಬಾಂಬರ್ ಬಂದು ಕೆಲವೇ ನಿಮಿಷದಾಗ ಈ ರನ್‌ವೇ ಮ್ಯಾಲೆ 63,000 ಪೌಂಡ್ ಬಾಂಬ್ ಹಾಕಿದ್ವು. ಆಮ್ಯಾಲೆ ಇನ್ನೂ 8 ಬಂದ್ವು. ನಮ್ಮ ಬೆಳಗಾವಿ ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಲಿಂ ವೈರ್‌ಲೆಸ್ ಸ್ಟೇಷನ್ ಹೊಡದ್ವು, ಬೆಳಗಾವಿ ಮಂದಿ ಇದನ್ನ ನೆನಪಿಟ್ಕೋರಿ. ಆದ್ರ ಟರ್ಮಿನಲ್ಲಿಗೆ ಏನೂ ಆಗಲಿಲ್ಲ, ಅದನ್ನ ಮುಟ್ಟಬ್ಯಾಡ್ರಿ ಅಂತ ಪೈಲಟ್‌ಗಳಿಗೆ ಮೊದಲ ಹೇಳಿದ್ರು. ಅಲ್ಲೇ ಪೋರ್ಚುಗೀಸರ ಎರಡು ದೊಡ್ಡ ವಿಮಾನ ನಿಂತಿದ್ವು, ಒಂದು ಸೂಪರ್ ಕಾನ್ಸ್ಟೆಲ್ಲೇಶನ್, ಇನ್ನೊಂದು ಟಿಎಐಪಿದು, ಅವೂ ಉಳಿದ್ವು. ರಾತ್ರಿ ಆತು. ಹಗಲೆಲ್ಲಾ ಬಾಂಬ್ ಬಿದ್ದ ರನ್‌ವೇದಾಗ ಒಂದಿಷ್ಟು ತೆಗ್ಗು ಮುಚ್ಚಿ, ವಿಮಾನದೊಳಗಿನ ಸೀಟು ಸಾಮಾನು ಕಿತ್ತು ಹೊರಗ ಒಗದು ಭಾರ ಇಳಿಸಿ, ಅಧಿಕಾರಿಗಳ ಹೆಂಡ್ರು ಮಕ್ಕಳನ್ನ ಹತ್ತಿಸ್ಕೊಂಡು ಕತ್ತಲದಾಗ ಎಬ್ಬಿಸಿಬಿಟ್ರು! ಕಾನ್ಸ್ಟೆಲ್ಲೇಶನ್ ಬರೇ 700 ಮೀಟರಿನ್ಯಾಗ ಎದ್ದಿತಂತ, ಕಲ್ಲು ಸಿಡದು ಮೈಯೆಲ್ಲಾ ತೂತು, ಒಂದು ಟೈರು ಹೋತು, ಆದ್ರೂ ಸಮುದ್ರದ ಮ್ಯಾಲೆ ತೀರಾ ಕೆಳಗ ಹಾರಿ ಎರಡೂ ಕರಾಚಿ ಮುಟ್ಟಿದ್ವು. ನಾ ವಿಮಾನದ ಕೆಲಸ ಕಲ್ತವ, ಈಗ್ಲೂ ಆ 700 ಮೀಟರ್ ನೆನಸ್ಕೊಂಡ್ರ ಮೈ ಜುಂ ಅಂತೈತಿ. ಮರುದಿನ ಗೋವಾ ಭಾರತದ್ದಾತು.

ಟೈಮ್ ಭಾಳ ಹೋತು, ಲಗೂ ಹೇಳ್ತೀನಿ. 1962ರಾಗ ಜಾಗಾ ನೇವಿಗೆ ಬಂತು, 1964ರಾಗ ನೇವಿಯ ವಿಮಾನ ನೆಲೆ ಐಎನ್‌ಎಸ್ ಹಂಸ ಕೊಯಮತ್ತೂರು ಕಡೆಯಿಂದ ಇಲ್ಲಿಗೆ ಬಂತು. ನೇವಿಯ ಯುದ್ಧವಿಮಾನ ಇಲ್ಲೇ ಇರ್ತಾವು, ಮೊದಲ ಸೀ ಹಾಕ್, ಆಮ್ಯಾಲೆ ಸೀ ಹ್ಯಾರಿಯರ್, ಈಗ ಮಿಗ್-29ಕೆ. ಹಡಗಿನ ಮ್ಯಾಲೆ ವಿಮಾನ ಇಳಿಸೋದು ಹುಡುಗಾಟ ಅಲ್ಲ, ದಂಡಿ ಮ್ಯಾಲೆ ಮತ್ತ ಮತ್ತ ಮಾಡಿ ಕಲೀಬೇಕು, ಅದಕ್ಕ ಹಗಲಿನ ಹೊತ್ತು ಬೇಕು. ಹಡಗಿನ್ಯಾಗ ಇರತೈತಲ್ಲ, ಮುಂದ ಮ್ಯಾಲೆತ್ತಿದ ಸ್ಕೀ ಜಂಪ್, ಅದನ್ನ ಇಲ್ಲಿ ನೆಲದ ಮ್ಯಾಲೇ ಕಟ್ಟ್ಯಾರ. ನಮ್ಮ ಬೆಂಗಳೂರಾಗ ತಯಾರಾದ ನೇವಿ ತೇಜಸ್ 2014ರಾಗ ಮೊದಲ ಸಲ ಸ್ಕೀ ಜಂಪಿನಿಂದ ಹಾರಿದ್ದು ಇಲ್ಲೇ. ಅದಕ್ಕ ಹೇಳೋದು, ರನ್‌ವೇ ನೇವಿದು, ಫ್ಲೈಟ್ ಲೇಟಾದ್ರ ಕೌಂಟರಿನ ಹುಡುಗಿ ಮ್ಯಾಲೆ ಒದರಬ್ಯಾಡ್ರಿ.

ಇನ್ನ ಕಸ. ಮೀನಿನ ತ್ಯಾಜ್ಯ, ಕೋಳಿ ಅಂಗಡಿ ಹೊಲಸು ಬಯಲಾಗ ಒಗೀತಾರ, ಅದಕ್ಕ ಹದ್ದು ಬರ್ತಾವು, ಹದ್ದು ಎಂಜಿನ್ನಿಗೆ ಬಡದ್ರ ವಿಮಾನಕ್ಕ ಅಪಾಯ. ದಯಮಾಡಿ ನಿಲ್ಲಸ್ರಿ, ಎಷ್ಟು ಸಲ ಹೇಳೋದು!

ಆಮ್ಯಾಲೆ ಜನವರಿ 2023ರಿಂದ ಉತ್ತರ ಗೋವಾದ ಮೋಪಾದಾಗೂ ವಿಮಾನ ಹಾರಾಕತ್ತಾವು. ಟಿಕೆಟ್ ಮ್ಯಾಲೆ ಜಿಒಐ ಅಂತಿದ್ರ ದಾಬೋಲಿಂ, ಜಿಒಎಕ್ಸ್ ಅಂತಿದ್ರ ಮೋಪಾ. ಊರಿಂದ ಯಾರರ ಬರೋರಿದ್ರ ಕರಕೊಂಡು ಬರಾಕ ಹೊಂಡೋ ಮೊದಲ ಅದನ್ನ ನೋಡ್ಕೋರಿ. ನಮಸ್ಕಾರ.