ಕ್ಯಾನ್ಸರ್ ಚಿಕಿತ್ಸಾ ಪ್ರಯೋಗ: ಸಹಿಗೆ ಮೊದಲು ಕೇಳಿ

ಕೇಳುಗರಿಗೆ ನಮಸ್ಕಾರ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ವೈದ್ಯರು “ಒಂದು ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ?” ಎಂದಾಗ ಕೆಲವರು “ನಮ್ಮಪ್ಪನ ಮೇಲೆ ಪ್ರಯೋಗ ಮಾಡುತ್ತೀರಾ?” ಎಂದು ಎದ್ದು ಹೋಗುತ್ತಾರೆ, ಮತ್ತೆ ಕೆಲವರು “ನೀವೇ ದೇವರು, ಎಲ್ಲಿ ಸಹಿ ಹಾಕಬೇಕು ತೋರಿಸಿ” ಎನ್ನುತ್ತಾರೆ. ಇಬ್ಬರಿಗೂ ನನ್ನದು ಒಂದೇ ಮಾತು: ಮೊದಲು ಕೇಳಿ.

ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಅಗಿಯುವ ನಮ್ಮ ನಾಡಿಗೆ ಬಹಳ ಹತ್ತಿರದ ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಆರಂಭದ ಹಂತದ ಬಾಯಿ ಕ್ಯಾನ್ಸರ್‌ಗೆ ಶಸ್ತ್ರಕ್ರಿಯೆ ಮಾಡುವಾಗ, ಕತ್ತಿನಲ್ಲಿ ಗಂಟು ಕೈಗೆ ಸಿಗದಿದ್ದರೂ ಅಲ್ಲಿನ ದುಗ್ಧಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ಆಗಲೇ ತೆಗೆಯಬೇಕೇ, ಇಲ್ಲವೇ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ ಎಂದು ಶಸ್ತ್ರವೈದ್ಯರು ದಶಕಗಳ ಕಾಲ ವಾದ ಮಾಡುತ್ತಲೇ ಇದ್ದರು. ತೆಗೆದರೆ ಭುಜದ ನೋವಿನ ಭಯ, ಬಿಟ್ಟರೆ ರೋಗ ಹರಡುವ ಭಯ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ವಾದವನ್ನು ಬದಿಗಿಟ್ಟು, 2004ರಿಂದ ಮುಂದೆ, ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪುಗಳಿಗೆ ಸೇರಿಸಿದರು. ವೈದ್ಯರೇ ಆರಿಸಬಹುದಿತ್ತಲ್ಲ ಎನ್ನುತ್ತೀರಿ. ಆರಿಸಿದ್ದರೆ ಗಟ್ಟಿಮುಟ್ಟಾದವರನ್ನೆಲ್ಲ ದೊಡ್ಡ ಶಸ್ತ್ರಕ್ರಿಯೆಗೇ ಕಳುಹಿಸುತ್ತಿದ್ದರು. ಗೆದ್ದದ್ದು ಚಿಕಿತ್ಸೆಯೋ ದೇಹಬಲವೋ ಎಂಬುದು ಎಂದಿಗೂ ತಿಳಿಯುತ್ತಿರಲಿಲ್ಲ. 2015ರಲ್ಲಿ 500 ರೋಗಿಗಳ ಲೆಕ್ಕ ಪ್ರಕಟವಾಯಿತು. ಮೂರು ವರ್ಷಗಳ ನಂತರ, ಮೊದಲೇ ಕತ್ತಿನ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಶೇಕಡ 80ರಷ್ಟು ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ ಶೇಕಡ 67.5ರಷ್ಟು. ಎಂಟು ಮಂದಿಗೆ ಈ ಶಸ್ತ್ರಕ್ರಿಯೆ ಮೊದಲೇ ಮಾಡಿದರೆ, ಕಾದು ನೋಡುವುದಕ್ಕಿಂತ ಒಂದು ಜೀವ ಹೆಚ್ಚು ಉಳಿಯುತ್ತದೆ. ಇಂದು ಕಲಬುರಗಿಯ ರೋಗಿಯೊಬ್ಬರು ಇದರ ಪ್ರಯೋಜನ ಪಡೆಯುತ್ತಿದ್ದರೆ, ಅದು ಅಂದು ಆ ಚೀಟಿಗೆ ಒಪ್ಪಿಕೊಂಡ ಅಪರಿಚಿತರ ಕೊಡುಗೆ. ಈ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ, ಇಂದೂ ಗಂಟಲು ತುಂಬಿ ಬರುತ್ತದೆ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. 2019ರ ನಿಯಮಗಳ ಪ್ರಕಾರ ಹೊಸ ಔಷಧದ ಪ್ರಯೋಗಕ್ಕೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಸಲ್ಲಬೇಕು. ಯಾವ ದಿನ ಬೇಕಾದರೂ ನೀವು ಹೊರಬರಬಹುದು, ಮಾಮೂಲಿನ ಚಿಕಿತ್ಸೆ ಅದರಿಂದ ನಿಲ್ಲುವುದಿಲ್ಲ. ಓದಲು ಬಾರದವರ ಒಪ್ಪಿಗೆ ಪಡೆಯುವಾಗ ಪ್ರಯೋಗಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಜೊತೆಯಲ್ಲಿರಬೇಕು. ಔಷಧವೇ ಇಲ್ಲದ ಸಕ್ಕರೆ ಗುಳಿಗೆ ಕೊಟ್ಟು ಕೂರಿಸುತ್ತಾರೆಂಬ ಭಯವನ್ನು ಬಿಡಿ. ಗುಣ ಕೊಡುವ ಚಿಕಿತ್ಸೆ ಇರುವಾಗ ಅದನ್ನು ತಪ್ಪಿಸಿ ಬರಿಯ ಗುಳಿಗೆ ಕೊಡುವಂತಿಲ್ಲ.

ಆದ್ದರಿಂದ ಕೇಳಿ. ಸೇರದಿದ್ದರೆ ನನಗೆ ಯಾವ ಚಿಕಿತ್ಸೆ? ಎಷ್ಟು ಸಲ ಆಸ್ಪತ್ರೆಗೆ ಬರಬೇಕು, ಬಸ್ ಖರ್ಚು ಯಾರದು? ನಡುರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ? ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ, ಅರ್ಥವಾಗದಿದ್ದರೆ ಮತ್ತೆ ಕೇಳಿ. ನಾವು ವೈದ್ಯರು ಅವಸರದಲ್ಲಿದ್ದಂತೆ ಕಂಡರೂ ಕೇಳಿ. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಅದರಲ್ಲಿ ವೈದ್ಯರ ಫೋನ್ ಸಂಖ್ಯೆ ಇದೆಯೇ ಎಂದು ನೋಡಿಕೊಂಡೇ ಕುರ್ಚಿಯಿಂದ ಏಳಿ. ನಮಸ್ಕಾರ.